ಪಿಕಪ್ಪಿನ ಬೆನ್ನಿಗೆ ಬಿದ್ದ ಮನೆ

ಹಿಮ ಬೀಳುವುದರೊಳಗೆ ಅಕ್ಕನ ಮನೆಯನ್ನು ಬೆಟ್ಟದಿಂದ ಕೆಳಗಿಳಿಸಬೇಕಿತ್ತು. ಹೇಳಲು ಇಷ್ಟೇ.

ಮನೆ ಎಂದರೆ ಚಕ್ರದ ಮೇಲಿನ ಮನೆ. ಹಾಸಿಗೆ, ಒಲೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ದೊಡ್ಡ ಕ್ಯಾಂಪರ್. ಅಕ್ಕ ಭೂವಿಜ್ಞಾನಿ. ವರ್ಷಗಟ್ಟಲೆ ಅದರಲ್ಲೇ ಉಂಡು ಮಲಗಿ, ಶಿಖರದ ಸುತ್ತಲಿನ ಕಲ್ಲುಗಳನ್ನು ಆರಿಸಿ ಪೆಟ್ಟಿಗೆ ತುಂಬಿದ್ದಳು. ಅವಳಿಗೆ ಬೇರೆ ಮನೆ ಇರಲಿಲ್ಲ. ಹಿಮ ಬಿದ್ದರೆ ದಾರಿ ಮುಚ್ಚುತ್ತದೆ, ಅದರ ಭಾರಕ್ಕೆ ಕ್ಯಾಂಪರಿನ ಚಾವಣಿಯೂ ಕುಸಿಯುತ್ತದೆ.

ಇಳಿಸಲು ಹೊರಟವರು ಅಕ್ಕನ ಚಿಕ್ಕಪ್ಪ ಮತ್ತು ತಂಗಿ. ಇಬ್ಬರದೂ ಮನೆ ಸಾಮಾನು ಸಾಗಿಸುವ ಕೆಲಸ. ಸ್ಟೂಲು ಹತ್ತದೆಯೇ ಅಟ್ಟದ ಮೇಲಿನ ಡಬ್ಬ ಇಳಿಸುತ್ತಿದ್ದ ತಂಗಿಯನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಅವರ ಲಾರಿಯ ಗೇರ್‌ಬಾಕ್ಸ್ ಬಿಚ್ಚಿಕೊಂಡು ಗ್ಯಾರೇಜಿನ ನೆಲದ ಮೇಲೆ ಹರಡಿತ್ತು. ಉಳಿದದ್ದು ಪುಟ್ಟ ಪಿಕಪ್.

"ಇದು ಎಳೆಯುತ್ತಾ ಚಿಕ್ಕಪ್ಪ? ಬಾಗಿಲಲ್ಲಿ ಚೀಟಿ ಅಂಟಿಸಿದಾರೆ, ಇಷ್ಟಕ್ಕಿಂತ ಜಾಸ್ತಿ ಎಳೀಬಾರ್ದು ಅಂತ."

"ಅದು ಹೆದರೋರಿಗೆ ಅಂತ ಅಂಟಿಸಿರೋದು. ಖಾಲಿ ಕ್ಯಾಂಪರ್ ಅದರೊಳಗೇ ಬರತ್ತೆ."

ಆದರೆ ಕ್ಯಾಂಪರ್ ಖಾಲಿ ಇರಲಿಲ್ಲವಲ್ಲ. ಮೇಲೆ ತಲುಪಿದಾಗ ಕಲ್ಲಿನ ಪೆಟ್ಟಿಗೆಗಳೆಲ್ಲ ಅದರ ಮೂತಿಯ ಕಡೆ, ಹಾಸಿಗೆಯ ಕೆಳಗಿದ್ದವು. ಕೊಂಡಿ ಸಿಕ್ಕಿಸಿದ್ದೇ ತಡ, ಪಿಕಪ್ಪಿನ ಹಿಂಭಾಗ ಕುಕ್ಕರಗಾಲಲ್ಲಿ ಕೂತುಬಿಟ್ಟಿತು. ಚಿಕ್ಕಪ್ಪ ನಕ್ಕರು. ಅವರ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ಭಾರದ ಸಾಮಾನನ್ನು ಕೊನೆಗೆ ಏರಿಸಿ ಬಾಗಿಲ ಬಳಿ ಇಡಬೇಕು, ಮೈಯಲ್ಲಿ ಕಸುವಿರುವಾಗಲೇ ಅದನ್ನು ಮೊದಲು ಇಳಿಸಬೇಕು. ಲಾರಿಯಲ್ಲಿ ಜೀವಮಾನವಿಡೀ ಹಾಗೇ ಮಾಡಿದ್ದರು. ಈ ಕ್ಯಾಂಪರಿನ ಬಾಗಿಲು ಹಿಂದುಗಡೆ ಇತ್ತು.

ಪೆಟ್ಟಿಗೆಗಳೆಲ್ಲ ಹಿಂದಕ್ಕೆ ಹೋದವು. ಪಿಕಪ್ ಎದ್ದು ನೆಟ್ಟಗೆ ನಿಂತಿತು.

"ನೋಡಿದ್ಯಾ? ಕೂಸಿನ ಹಾಗೆ ನಿಂತಿದೆ," ಎಂದರು ಚಿಕ್ಕಪ್ಪ.

ಅಕ್ಕನಿಗೂ ಸರಿ ಕಂಡಿತು, ಏಣಿಗೂ ಸರಿ ಕಂಡಿತು. ನೆಟ್ಟಗೆ ನಿಂತದ್ದು ನೆಟ್ಟಗೇ ಹೋಗುತ್ತದೆ ಎಂದು ಮೂವರೂ ನಂಬಿದರು.

ಬೆಟ್ಟದ ದಾರಿ ಬಂಡೆಯನ್ನು ಕಡಿದು ಮಾಡಿದ್ದು. ಎಡಕ್ಕೆ ಕಪ್ಪು ಗೋಡೆ, ಬಲಕ್ಕೆ ಬರೀ ಗಾಳಿ. ಅಲ್ಲಲ್ಲಿ ತಡೆಗಲ್ಲುಗಳಿದ್ದವು. ಹೆಚ್ಚಿನವು ಎಂದೋ ಉರುಳಿಹೋಗಿ ಗುಳಿ ಮಾತ್ರ ಉಳಿದಿತ್ತು. ಕೆಳಗೆ ಕಣಿವೆಯ ತುಂಬ ಬೂದು ಮೋಡ ತುಂಬಿಕೊಂಡಿತ್ತು. ಅದರ ಸಂದಿನಲ್ಲಿ ಇದೇ ದಾರಿಯ ಕೆಳಗಿನ ಸುತ್ತು ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿತ್ತು. ಗಿಡವಿಲ್ಲ, ಹಕ್ಕಿಯಿಲ್ಲ. ಚಳಿಗೆ ಬಂಡೆಗಳೂ ಮೈ ಮುದುಡಿಕೊಂಡಂತಿದ್ದವು.

ಏಣಿ ಸ್ಟಿಯರಿಂಗ್ ಹಿಡಿದಿದ್ದಳು. ಅಕ್ಕ ನಡುವೆ, ಚಿಕ್ಕಪ್ಪ ಎಡಕ್ಕೆ. ಮೊದಲ ತಿರುವುಗಳನ್ನು ಚೆನ್ನಾಗಿಯೇ ದಾಟಿದರು. ಆಮೇಲೆ ಇಳಿಜಾರು ಕಡಿದಾಯಿತು. ಬೆನ್ನಿಗೆ ಯಾರೋ ಕೈಯಿಟ್ಟು ನೂಕಿದಂತಾಯಿತು.

"ಚಿಕ್ಕಪ್ಪ, ಹಿಂದಿನಿಂದ ತಳ್ತಾ ಇದೆ."

"ಗೇರ್ ಇಳಿಸು."

ಇಳಿಸಿದಳು. ಎಂಜಿನ್ ಅರಚಿತು. ಕನ್ನಡಿಯಲ್ಲಿ ಕ್ಯಾಂಪರ್ ಸ್ವಲ್ಪ ಎಡಕ್ಕೆ ವಾಲಿತು. ಸ್ವಲ್ಪ ಬಲಕ್ಕೆ. ಮತ್ತೆ ಎಡಕ್ಕೆ, ಈ ಸಲ ಜೋರಾಗಿ. ಕ್ಯಾಂಪರಿಗೆ ತನ್ನದೇ ಬ್ರೇಕ್ ಇತ್ತು. ಬಹಳ ಕಾಲ ನಿಂತಲ್ಲೇ ನಿಂತು ಅದು ತುಕ್ಕು ಹಿಡಿದಿರುವುದನ್ನು ಯಾರೂ ನೋಡಿರಲಿಲ್ಲ.

"ಬ್ರೇಕ್ ಹಾಕು!"

ಹಾಕಿದಳು. ಪಿಕಪ್ ನಿಲ್ಲಲು ನೋಡಿತು. ಕ್ಯಾಂಪರ್ ನಿಲ್ಲಲಿಲ್ಲ.

ಹಿಂಭಾಗ ಜಾರಿತು. ಪಿಕಪ್ ಎಡಕ್ಕೆ ತಿರುಗಿ ಬಂಡೆಗೆ ಮೈಯುಜ್ಜಿತು. ಕ್ಯಾಂಪರ್ ಬಲಗಡೆಯಿಂದ ಸುತ್ತಿ ಬಂತು. ಧಡ್!

ಆಮೇಲೆ ಸದ್ದಿಲ್ಲ.

"ಎಲ್ಲರೂ ಇದೀರಾ?" ಅಕ್ಕ ಕೇಳಿದಳು.

ಇದ್ದರು. ಆದರೆ ಎಡಬಾಗಿಲಿಗೆ ಬಂಡೆ ಒತ್ತಿಕೊಂಡಿತ್ತು. ಬಲಬಾಗಿಲಿಗೆ ಕ್ಯಾಂಪರಿನ ಮೂಲೆ ನಾಟಿಕೊಂಡಿತ್ತು. ಇಕ್ಕಳದಲ್ಲಿ ಸಿಕ್ಕಂತೆ ಮೂವರೂ ಸಿಕ್ಕಿಬಿದ್ದಿದ್ದರು. ಕ್ಯಾಂಪರ್ ದಾರಿಗೆ ಅಡ್ಡ ನಿಂತು, ಅದರ ಹಿಂಭಾಗ, ಕಲ್ಲಿನ ಪೆಟ್ಟಿಗೆಗಳಿದ್ದ ಆ ಹಿಂಭಾಗ, ಅಂಚು ದಾಟಿ ಗಾಳಿಯಲ್ಲಿತ್ತು.

ಕರ್‌ರ್ ಎಂದು ಕಬ್ಬಿಣ ನರಳಿತು. ಏಣಿಯ ಸೀಟು ಮೆಲ್ಲಗೆ ಮೇಲೆದ್ದಿತು.

"ಹಿಂದುಗಡೆ ಮೇಲೇಳ್ತಾ ಇದೆ," ಎಂದಳು. "ಕ್ಯಾಂಪರ್ ಆ ಕಡೆ ಇಳೀತಾ ಇದೆ, ಕೊಂಡಿ ನಮ್ಮನ್ನ ಮೇಲೆತ್ತುತಾ ಇದೆ."

"ಹ್ಯಾಂಡ್‌ಬ್ರೇಕ್ ಎಳಿ."

"ಎಳೆದು ಏನ್ ಮಾಡ್ಲಿ? ಅದು ಹಿಡಿಯೋದು ಹಿಂದಿನ ಚಕ್ರನ. ಅದು ನೆಲದ ಮೇಲೆ ಇದ್ರೆ ತಾನೆ!"

ಈಗ ಗಾಡಿಯನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಎರಡು ಚಕ್ರ. ಅವನ್ನು ಹಿಡಿದಿದ್ದು ಅವಳ ಬಲಗಾಲು. ಕಾಲು ತೆಗೆದರೆ ಮನೆ, ಗಾಡಿ, ಮೂರು ಜೀವ ಒಟ್ಟಿಗೇ ಕಣಿವೆ ಪಾಲು.

ಬೆನ್ನ ಹಿಂದೆ ಪಿಕಪ್ಪಿನ ತೊಟ್ಟಿಗೆ ತೆರೆಯುವ ಸಣ್ಣ ಜಾರುಗಾಜು ಇತ್ತು. ಚಿಕ್ಕಪ್ಪ ಅಕ್ಕನನ್ನು ಪಕ್ಕಕ್ಕೆ ಒತ್ತಿ ತಲೆ ತೂರಿಸಿದರು, ಭುಜ ತೂರಿಸಿದರು. ಹೊಟ್ಟೆ ಒಪ್ಪಲಿಲ್ಲ.

"ಚಿಕ್ಕಪ್ಪ, ಈಚೆ ಬನ್ನಿ. ಬಿರಡೆ ಹಾಕ್ದಂಗೆ ಕೂತ್ರೆ ಯಾರೂ ಹೋಗಕ್ಕಾಗಲ್ಲ," ಎಂದಳು ಅಕ್ಕ. ನಗುವ ಹೊತ್ತಲ್ಲ, ಆದರೂ ಏಣಿಗೆ ನಗು ಬಂತು. ನಕ್ಕರೆ ಕಾಲು ಅದುರೀತೆಂದು ತುಟಿ ಕಚ್ಚಿಕೊಂಡಳು.

ಅಕ್ಕ ಹಾವಿನಂತೆ ನುಸುಳಿ ತೊಟ್ಟಿಗೆ ಇಳಿದಳು. ಸೊಂಟದಲ್ಲಿ ಅವಳ ಕಲ್ಲು ಒಡೆಯುವ ಸುತ್ತಿಗೆ ಇತ್ತು.

"ಭಾರ ಇಳಿಸ್ಬೇಕು," ಚಿಕ್ಕಪ್ಪ ಕಿಂಡಿಯಿಂದ ಕೂಗಿದರು. "ತೊಟ್ಟೀಲಿ ಕೊಕ್ಕೆಕೋಲಿದೆ, ತಗೋ. ಮುಂದಿನ ಕಿಟಕಿಯಿಂದ ಒಳಗೆ ಹೋಗು. ಚಕ್ರ ಇರೋವರೆಗೂ ಹೋದ್ರೆ ನಿನ್ನ ಭಾರ ನಮ್ಮ ಕಡೆ. ಅದನ್ನ ದಾಟಿದ್ರೆ ಆ ಕಡೆ. ದಾಟ್ಬೇಡ! ಅಲ್ಲಿಂದ್ಲೇ ಬಾಗಿಲ ಚಿಲಕ ಎತ್ತು."

ಅಕ್ಕ ಕೊಕ್ಕೆಕೋಲು ಎತ್ತಿಕೊಂಡಳು. ಬಾಗಿಲು ತೆರೆದರೆ ಏನು ಬೀಳುತ್ತದೆಂದು ಮೂವರಿಗೂ ಗೊತ್ತಿತ್ತು.

"ಪೆಟ್ಟಿಗೆ ಈ ಕಡೆ ಎಳ್ಕೊಳ್ಳೋಕೆ ಆಗಲ್ವಾ?" ಏಣಿ ತಡೆಯಲಾರದೆ ಕೇಳಿದಳು.

"ಅಲ್ಲಿಗೆ ಹೋದ್ರೆ ತಾನೆ ಎಳ್ಕೊಳ್ಳೋದು," ಎಂದರು ಚಿಕ್ಕಪ್ಪ.

ಗಾಜು ಒಡೆದ ಸದ್ದು. ಅಕ್ಕ ತನ್ನ ಮನೆಯ ಕಿಟಕಿಯನ್ನು ತಾನೇ ಒಡೆದು ಒಳಗೆ ಹೋದಳು. ಏಣಿಗೆ ತಿರುಗಿ ನೋಡುವಂತಿಲ್ಲ. ಎಡಕ್ಕೆ ಬಂಡೆ, ಬಂಡೆಯಲ್ಲಿ ಒಸರುವ ನೀರು. ಒಳಗೆ ಇಬ್ಬರ ಉಸಿರಿಗೆ ಗಾಜು ಮಂಜಾಗಿ ಅದೂ ಮರೆಯಾಯಿತು. ತೊಡೆಯ ಸ್ನಾಯು ತಾನಾಗಿ ಕುಣಿಯತೊಡಗಿತು. ಚಿಕ್ಕಪ್ಪ ಬಗ್ಗಿ ಎರಡೂ ಕೈಯಿಂದ ಅವಳ ಮೊಣಕಾಲನ್ನು ಕೆಳಕ್ಕೆ ಒತ್ತಿ ಹಿಡಿದರು.

"ತಪ್ಪು ನಂದು ಮಗಾ," ಎಂದರು ಮೆಲ್ಲಗೆ. "ಲಾರಿ ಬುದ್ಧಿನ ಇಲ್ಲಿ ಉಪಯೋಗಿಸಿದೆ. ಎಳ್ಕೊಂಡು ಹೋಗೋದಕ್ಕೆ ಬಾಲ ಭಾರ ಆಗ್ಬಾರ್ದಿತ್ತು."

"ಈಗ ಮಾತಾಡ್ಬೇಡಿ. ಒತ್ತಿ."

ಸೀಟು ಇನ್ನಷ್ಟು ಎದ್ದಿತು. ಒಳಗಿನಿಂದ ಕೋಲು ತಗಡಿಗೆ ಬಡಿದ ಸದ್ದು ಬಂತು. ತಪ್ಪಿತು. ಮತ್ತೆ ಬಡಿಯಿತು. ಮತ್ತೆ ತಪ್ಪಿತು.

"ಅಕ್ಕಾ!"

"ಸಿಕ್ತಾ ಇಲ್ಲ. ಒಂದು ಹೆಜ್ಜೆ ಮುಂದೆ..."

"ಬೇಡ!" ಚಿಕ್ಕಪ್ಪ ಗಂಟಲು ಹರಿಯುವಂತೆ ಕಿರುಚಿದರು. "ಮಲಕ್ಕೋ! ಹೊಟ್ಟೆ ಮೇಲೆ ಮಲಗಿ ಕೈ ಚಾಚು!"

ಒಳಗೆ ಬಟ್ಟೆ ನೆಲಕ್ಕೆ ಉಜ್ಜಿತು. ಆಮೇಲೆ ಟಕ್ ಎಂದು ಚಿಲಕ ಎದ್ದಿತು. ಗಾಳಿ ಬಾಗಿಲನ್ನು ಕಿತ್ತುಕೊಂಡಿತು. ಮೊದಲ ಪೆಟ್ಟಿಗೆ ಉಜ್ಜಿಕೊಂಡು ಹೋದದ್ದು ಕೇಳಿತು. ಬಹಳ ಹೊತ್ತಿನ ಮೇಲೆ ಎಲ್ಲೋ ಆಳದಲ್ಲಿ ಅದು ಒಡೆಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕೊನೆಗೆ ದಡದಡನೆ ಎಲ್ಲವೂ. ಒಂದೊಂದು ಸದ್ದಿನ ಜೊತೆಗೂ ಅಕ್ಕನ ವರ್ಷಗಳು ಹೋಗುತ್ತಿದ್ದವು.

ಪಿಕಪ್ಪಿನ ಹಿಂಭಾಗ ಧೊಪ್ಪೆಂದು ನೆಲಕ್ಕೆ ಬಿತ್ತು. ಏಣಿ ಹ್ಯಾಂಡ್‌ಬ್ರೇಕ್ ಎಳೆದಳು. ಈ ಸಲ ಅದು ಹಿಡಿಯಿತು.

ಮುಂದಿನದು ಬರೀ ಕತ್ತೆ ಚಾಕರಿ. ಅಕ್ಕ ಹೊರಬಂದು ದಾರಿಬದಿಯ ಕಲ್ಲುಗಳನ್ನು ತಂದು ಕ್ಯಾಂಪರಿನ ಚಕ್ರಗಳಿಗೆ ಅಡ್ಡ ಕೊಟ್ಟಳು. ಮೂತಿಗೆ ಜಾಕ್ ಇಟ್ಟು ಕೊಂಡಿ ಬಿಚ್ಚಿದಳು. ಏಣಿ ಇಂಚಿಂಚೇ ಮುಂದಕ್ಕೆ ಬಂದು, ಬಾಗಿಲ ಬಣ್ಣವನ್ನೆಲ್ಲ ಬಂಡೆಗೆ ಕೊಟ್ಟು, ಬಯಲಿಗೆ ಬಂದಳು. ಚಿಕ್ಕಪ್ಪ ಇಳಿದವರೇ ದಾರಿಯಲ್ಲೇ ಕೂತುಬಿಟ್ಟರು. ಅಂಚಿನ ಬಳಿ ನಿಂತು ಕೆಳಗೆ ನೋಡುತ್ತಿದ್ದ ಅಕ್ಕನ ಹತ್ತಿರ ಹೋಗಲು ಇಬ್ಬರಿಗೂ ಧೈರ್ಯ ಬರಲಿಲ್ಲ.

ಏಣಿ ಒಬ್ಬಳೇ ಖಾಲಿ ಪಿಕಪ್ಪಿನಲ್ಲಿ ಇಳಿದು, ರಸ್ತೆ ಇಲಾಖೆಯ ಶೆಡ್ಡಿನಿಂದ ಹಿಮ ತಳ್ಳುವ ದೈತ್ಯ ಲಾರಿಯನ್ನು ಕರೆತಂದಳು. ಅದರ ಚಾಲಕ ಕ್ಯಾಂಪರನ್ನು ನೋಡಿದ, ಪಿಕಪ್ಪನ್ನು ನೋಡಿದ, ಚಿಕ್ಕಪ್ಪನನ್ನು ನೋಡಿದ.

"ಈ ಗಾಡಿ ಇದನ್ನ ಎಳೀತಾ?"

"ಎಳೀತಪ್ಪ," ಎಂದರು ಚಿಕ್ಕಪ್ಪ. "ನಿಲ್ಲಿಸೋಕೆ ಆಗ್ಲಿಲ್ಲ, ಅಷ್ಟೆ."

ಕೆಳಗಿನ ಸುತ್ತಿನಲ್ಲಿ ದಾರಿಯ ತುಂಬ ಕಲ್ಲು ಚೆಲ್ಲಿತ್ತು. ಚಾಲಕ ಗೊಣಗುತ್ತಲೇ ಇಳಿದು ತಾನೂ ಹೆಕ್ಕಿದ. ಕೆಲವು ಸಿಕ್ಕವು. ಹೆಚ್ಚಿನವು ಕಣಿವೆಗೆ ಹೋಗಿದ್ದವು. ಅವರು ಹೆಕ್ಕುತ್ತಿದ್ದಂತೆಯೇ ಮೊದಲ ಹಿಮ ಉದುರತೊಡಗಿತು.

ಸಂಜೆಗೆ ಮನೆ ಬಂದು ಚಿಕ್ಕಪ್ಪನ ಅಂಗಳ ಸೇರಿತು. ಕಿಟಕಿ ಒಡೆದಿತ್ತು, ಮೂಲೆ ನಜ್ಜಾಗಿತ್ತು. ಆದರೂ ಚಾವಣಿಯಿದ್ದ ಮನೆ. ದೈತ್ಯ ಲಾರಿ ಹೊರಟುಹೋದ ಮೇಲೆ ಚಿಕ್ಕಪ್ಪ ಅಕ್ಕನೆದುರು ತಲೆ ತಗ್ಗಿಸಿ ನಿಂತರು.

"ನಿನ್ನ ಕಲ್ಲೆಲ್ಲ ನಾನು ಕಳೆದೆ ತಾಯಿ."

"ನೀವೇನು ಕಳೆದ್ರಿ? ಬಾಗಿಲು ತೆಗ್ದಿದ್ದು ನಾನು," ಎಂದಳು ಅಕ್ಕ. ಕಣ್ಣು ತುಂಬಿತ್ತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. "ಅಳು ಬರತ್ತೆ, ಸುಳ್ಳು ಹೇಳಲ್ಲ. ಆದ್ರೆ ಆ ಬೆಟ್ಟದಲ್ಲಿ ಕಲ್ಲು ಇನ್ನೂ ಇದೆ ಚಿಕ್ಕಪ್ಪ. ನಿಮ್ಮಿಬ್ಬರನ್ನ ನಾನು ಎಲ್ಲಿಂದ ಹೆಕ್ಕಿ ತರ್ಲಿ?"

ಏಣಿ ಅಕ್ಕನ ಭುಜಕ್ಕೆ ತಲೆಯಿಟ್ಟಳು. ಅದಕ್ಕಾಗಿ ಅವಳು ಸಾಕಷ್ಟು ಬಗ್ಗಬೇಕಾಯಿತು. ಚಿಕ್ಕಪ್ಪ ಗೋಡೆಯ ಪಕ್ಕಕ್ಕೆ ಹೋಗಿ ಒಂದು ತೆಕ್ಕೆ ಇಟ್ಟಿಗೆ ಹೊತ್ತು ತಂದರು. ಅಂಗಳ ಅಂಗೈಯಂತೆ ಸಪಾಟಾಗಿತ್ತು. ಆದರೂ ಅವರು ಮಂಡಿಯೂರಿ, ಕ್ಯಾಂಪರಿನ ಒಂದೊಂದು ಚಕ್ರಕ್ಕೂ ಹಿಂದೊಂದು ಮುಂದೊಂದು ಇಟ್ಟಿಗೆ ಕೊಟ್ಟು, ಎದ್ದು, ಕಾಲಿನಿಂದ ಒದ್ದು ನೋಡಿದರು.