ಬೆಡಗಯ್ಯನ ಚಿನ್ನದ ಮುಖ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಒಂದು ಕಡೆ ನೆಲೆ ನಿಲ್ಲದೆ ಜಾಗ ಹುಡುಕಿಕೊಂಡು ಅಲೆಯುತ್ತಿದ್ದ ಕಾಲದಲ್ಲಿ, ಕೊಂಬಿನಕೋಟೆ ಅಂತ ಒಂದು ರಾಜ್ಯವಿತ್ತು. ಎಂಥ ರಾಜ್ಯ ಅಂತೀರಿ! ಅದರ ಕೋಟೆಯ ನೆರಳು ಬಿದ್ದರೆ ಪಕ್ಕದ ರಾಜ್ಯದವರು ಮಧ್ಯಾಹ್ನದವರೆಗೂ ದೀಪ ಹಚ್ಚಿಕೊಂಡೇ ಇರಬೇಕಿತ್ತು.

ಆ ರಾಜ್ಯದಲ್ಲಿ ಒಂದು ಓಲಗದ ಮೇಳವಿತ್ತು. ಮೇಳ ಅಂದರೆ ಮೂರೇ ಜನ. ಅಣ್ಣ ದೊಡ್ಡೀರ ಮೌರಿ ಊದುವವನು. ಅವನು ಮೌರಿ ತುಟಿಗಿಟ್ಟರೆ ಒಲೆಯ ಮೇಲಿನ ಹಾಲು ಉಕ್ಕುವುದನ್ನು ಮರೆತು ನಿಂತುಬಿಡುತ್ತಿತ್ತು. ಅವನ ಹೆಂಡತಿ ನಿಂಗವ್ವ ಡೋಲಿನವಳು. ಅವಳು ಒಂದು ಪೆಟ್ಟು ಹಾಕಿದರೆ ಏಳು ಹಳ್ಳಿಯ ಗೋಡೆಗಳ ಸುಣ್ಣ ಉದುರುತ್ತಿತ್ತು. ತಮ್ಮ ಸಣ್ಣೀರ ಸುತಿ ಹಿಡಿಯುವವನು. ಸುತಿಗೆ ರಾಗವಿಲ್ಲ, ತಾಳವಿಲ್ಲ, ಇರುವುದು ಒಂದೇ ಸ್ವರ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಲ್ಲಿ ಉಸಿರೆಳೆದು, ಬೆಳಗಿನಿಂದ ಸಂಜೆಯವರೆಗೆ ಕಡಿಯದ ಹಾಗೆ ಅದೊಂದನ್ನೇ ಊದಬೇಕು. ಮದುವೆಮನೆಗಳಲ್ಲಿ ಸಣ್ಣೀರನಿಗೆ ಊಟದ ಎಲೆ ಹಾಕುವುದನ್ನೇ ಮರೆಯುತ್ತಿದ್ದರು. ಅವನ ಮುಖ ಯಾರಿಗೂ ನೆನಪಿರುತ್ತಿರಲಿಲ್ಲ.

ಹೀಗಿರುವಾಗ ರಾಜ ಉದ್ದಂಡರಾಯನ ರಾಣಿ ತೀರಿಕೊಂಡಳು. ಅಂದಿನಿಂದ ಯಾವ ರಾಗ ಕಿವಿಗೆ ಬಿದ್ದರೂ ರಾಜನಿಗೆ ಎದೆ ಹಿಂಡಿದ ಹಾಗಾಗುತ್ತಿತ್ತು. ಆಗ ಎಲ್ಲಿಂದಲೋ ಬೆಡಗಯ್ಯ ಎಂಬ ಮಂತ್ರವಾದಿ ಬಂದ. ಮೈತುಂಬ ಕನ್ನಡಿಚೂರು ಹೊಲಿದ ಅಂಗಿ ತೊಟ್ಟಿದ್ದ.

"ಮಹಾರಾಜ, ಎದೆಗೆ ತಾಕದ ಸಂಗೀತ ನಾನು ಕೊಡುತ್ತೇನೆ. ಎಲ್ಲ ಕಣ್ಣಲ್ಲೇ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ" ಅಂದ.

ರಾಜ ಒಪ್ಪಿದ. ಮಾರನೆಯ ದಿನವೇ ಡಂಗುರವಾಯಿತು. ಇನ್ನು ಮುಂದೆ ಪ್ರತಿ ಮೇಳವೂ ಬೆಡಗಯ್ಯನ ಹತ್ತಿರ ಕಣ್ಣು ಸೆಳೆಯುವ ಒಂದು ಬೆಡಗು ಪಡೆಯಬೇಕು. ಬೆಡಗಿಲ್ಲದೆ ಊದಿದವರು ಅರಮನೆಯ ಅಂಗಳದಲ್ಲಿ ಬಣ್ಣದ ಬೊಂಬೆಗಳಾಗಿ ನಿಲ್ಲಬೇಕು. ನಿಂತರು ಕೂಡ. ಮೊದಲು ಹತ್ತಾರು, ಆಮೇಲೆ ನೂರಾರು.

ದೊಡ್ಡೀರನ ಮೇಳ ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂತಿತು. ಒಲೆಯಲ್ಲಿ ಬೂದಿ ತಣ್ಣಗಾಯಿತು.

"ನಮ್ಮ ಓಲಗ ಚೆನ್ನಾಗಿಲ್ವಾ? ಅದು ಸಾಲದಾ?" ಅಂದಳು ನಿಂಗವ್ವ.

"ಚೆನ್ನಾಗೈತೆ. ಕೇಳೋರು ಎಲ್ಲವ್ರೆ?" ಅಂದ ದೊಡ್ಡೀರ. "ಪಕ್ಕದೂರ ಸೂರಪ್ಪನ ಮೇಳ ನೋಡು. ಒಬ್ಬನಿಗೂ ತಾಳ ಗೊತ್ತಿಲ್ಲ. ತಲೆ ಮೇಲೆ ಕೂದಲಿನ ಬದಲು ಬೆಂಕಿ ಬೆಳಸ್ಕಂಡವರೆ, ಜನ ಮರ ಹತ್ತಿ ನೋಡ್ತಾರೆ."

"ನೀನೂ ಮೌರಿ ಊದ್ತಾ ಹಿಂದಕ್ಕೆ ಬಾಗಿ, ಕಣ್ಣರೆಪ್ಪೆಯಲ್ಲಿ ನೆಲದ ಮೇಲಿನ ಸೂಜಿ ಎತ್ತುತಿದ್ದೆಯಲ್ಲಪ್ಪ!"

"ಎತ್ತಿದೆ. ಮೊದಲ ಸಲ ಕೂಗಿ ಕುಣಿದ್ರು. ಎರಡನೇ ಸಲ ಆಕಳಿಸಿದ್ರು. ಮೂರನೇ ಸಲ ಒಬ್ಬ ಮುದುಕ, 'ಸೂಜಿ ಬಿಡಯ್ಯ, ಕತ್ತಿ ಎತ್ತು' ಅಂದ. ಕಣ್ಣು ತುಂಬಿದ ಮೇಲೇ ಜನ ಕಿವಿ ಕೊಡೋದು ಕಣೇ. ಒಂದು ಸುಗ್ಗಿ ಮಟ್ಟಿಗೆ ನಾನೂ ಬೆಡಗು ಹಾಕ್ಕತೀನಿ. ಹೆಸರು ಬಂದ ಮೇಲೆ ಬಿಚ್ಚಿ ಬಿಸಾಕ್ತೀನಿ."

ಅಷ್ಟು ಹೇಳಿ ಹೋದವನು ಸುಗ್ಗಿ ಕಳೆದರೂ ಬರಲಿಲ್ಲ. ಕೊನೆಗೆ ಒಬ್ಬ ಬಳೆಗಾರ ಸುದ್ದಿ ತಂದ. "ಅರಮನೆಯಲ್ಲಿ ಚಿನ್ನದ ಮುಖದವನೊಬ್ಬ ಮೌರಿ ಹಿಡಿದು ನಿಂತವ್ನೆ. ತೇಜಸ್ಸು ಅಂದ್ರೆ ಸೂರ್ಯ ನಾಚಬೇಕು. ಆದರೆ ಆ ಮುಖದ ಕಣ್ಣಿನ ತೂತಿಂದ ನೀರು ಸುರೀತಾನೇ ಇರ್ತದೆ ಕಣವ್ವ."

ನಿಂಗವ್ವ ಡೋಲು ಹೆಗಲಿಗೇರಿಸಿದಳು. ಸಣ್ಣೀರ ಸುತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಇಬ್ಬರೂ ದೊಡ್ಡೀರನನ್ನು ಕರೆತರಲು ಹೊರಟರು.

ಅರಮನೆಗೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಆನೆಗಿಂತ ಎತ್ತರದ ಒಂದು ನವಿಲಿತ್ತು. ಅದರ ಗರಿಯಲ್ಲಿದ್ದವು ನಿಜವಾದ ಕಣ್ಣುಗಳು, ಸಾವಿರವೂ ರೆಪ್ಪೆ ಬಡಿಯುತ್ತಿದ್ದವು. ಕಾಲಬುಡದಲ್ಲಿ ಮನುಷ್ಯರ ಮೂಳೆ ಬಿದ್ದಿತ್ತು.

"ನಿಮ್ಮ ಬೆಡಗೇನು?" ಅಂತ ಕೇಳಿತು ನವಿಲು. "ನನ್ನ ಒಂದು ಕಣ್ಣಿಗೆ ಬೇಸರವಾದರೂ ಕುಕ್ಕಿ ತಿನ್ನುತ್ತೇನೆ."

ನಿಂಗವ್ವ ಡೋಲನ್ನು ಮೇಲಕ್ಕೆಸೆದಳು. ಅದು ಹೋಗಿ ಮೋಡಕ್ಕೆ ಬಡಿದು ಒಂದು ಪೆಟ್ಟು ಹಾಕಿಸಿಕೊಂಡು ಬಂತು. ಇವಳು ಕೆಳಗಿನಿಂದ ಎರಡನೇ ಪೆಟ್ಟು ಹಾಕಿ ಮತ್ತೆ ಕಳಿಸಿದಳು. ಹೀಗೆ ಮೋಡವೂ ನಿಂಗವ್ವನೂ ಸೇರಿ ಒಂದು ತಾಳ ಮುಗಿಸಿದರು. ನವಿಲಿನ ಸಾವಿರ ಕಣ್ಣೂ ಅರಳಿದವು. ಬಾಗಿಲು ತೆರೆಯಿತು.

"ಅತ್ತಿಗೆ, ಅಣ್ಣ ಹೇಳಿದ್ದೇ ಸರಿ ಇದ್ದಾತು" ಅಂದ ಸಣ್ಣೀರ.

"ಸುಮ್ನೆ ನಡಿ. ತೋಳು ಬಿದ್ದೋಗ್ತಾ ಐತೆ."

ಎರಡನೇ ಬಾಗಿಲಲ್ಲಿ ಎರಡು ತಲೆಯ ಹುಲಿ ಮಲಗಿತ್ತು. "ನಿಮ್ಮ ಬೆಡಗೇನು?" ಅಂತ ಒಂದು ತಲೆ ಕೇಳಿತು. ನಿಂಗವ್ವ ಡೋಲನ್ನು ಮೋಡಕ್ಕೆಸೆದಳು.

"ಆಗಲೇ ನೋಡಿದೆವು" ಅಂತು ಒಂದು ತಲೆ.

"ಹೊಸದೇನು?" ಅಂತು ಇನ್ನೊಂದು.

ಡೋಲನ್ನು ಬುಗುರಿಯ ಹಾಗೆ ಹಲ್ಲಿನ ಮೇಲೆ ತಿರುಗಿಸಿದಳು. "ಹಳೆಯದು" ಅಂತು ಒಂದು. "ಹಸಿವಾಗುತ್ತಿದೆ" ಅಂತು ಇನ್ನೊಂದು. ಎರಡು ಬಾಯಿಯೂ ತೆರೆದವು. ಸಣ್ಣೀರನ ಮುಖಕ್ಕೆ ಆ ಬಾಯಿಗಳ ಬಿಸಿ ಬಡಿಯಿತು. ನಿಂಗವ್ವ ಪಕ್ಕದ ಗೋಡೆಯಲ್ಲಿ ಉರಿಯುತ್ತಿದ್ದ ಪಂಜನ್ನು ನೋಡಿದಳು. ನೋಡಿ, ಎಡಗೈಯನ್ನು ಅದರೊಳಗಿಟ್ಟಳು. ಉರಿಯುವ ಕೈಯಲ್ಲೇ ಡೋಲು ಬಾರಿಸಿದಳು.

ಹುಲಿ ಎದ್ದು ದಾರಿ ಬಿಟ್ಟಿತು.

ಸಣ್ಣೀರ ತನ್ನ ಪಂಚೆ ಹರಿದು ಅವಳ ಕೈಗೆ ಸುತ್ತಿದ. ಬೆರಳುಗಳು ಒಂದಕ್ಕೊಂದು ಅಂಟಿಹೋಗಿದ್ದವು. ಅವನಿಗೆ ಅಳು ತಡೆಯಲಿಲ್ಲ.

"ಅಳೋದು ಆಮೇಲೆ ಇಟ್ಕ" ಅಂದಳು ನಿಂಗವ್ವ. "ಮೂರನೇ ಬಾಗಿಲಿಗೆ ಏನು ಸುಡ್ಲಿ, ಅದನ್ನ ಹೇಳು."

ಮೂರನೇ ಬಾಗಿಲಲ್ಲಿ ಪ್ರಾಣಿ ಇರಲಿಲ್ಲ, ಒಂದು ಕೊಳವಿತ್ತು. ಸಣ್ಣೀರ ಬಗ್ಗಿದ್ದೇ ತಡ, ಅವನ ಬಿಂಬ ನೀರಿನಿಂದೆದ್ದು ದಡಕ್ಕೆ ಬಂತು. ಅದೇ ಸಣ್ಣೀರ, ಆದರೆ ಒಂದು ಮೊಳ ಎತ್ತರ, ಹರಡಿದ ಎದೆ, ಒಮ್ಮೆ ನೋಡಿದರೆ ಮರೆಯದ ಮುಖ.

"ಒಳಗೆ ನಿನ್ನಂಥವನಿಗೆ ಜಾಗವಿಲ್ಲ. ನಿನ್ನ ಬದಲು ನಾನು ಹೋಗುತ್ತೇನೆ. ನೀನು ನೀರಿನಲ್ಲಿ ಮಲಗು" ಅಂತು ಬಿಂಬ. ತಣ್ಣನೆಯ ಕೈ ಅವನ ಕುತ್ತಿಗೆಯ ಮೇಲಿತ್ತು.

ಸಣ್ಣೀರನಿಗೇ ಆಸೆಯಾಯಿತು, ಸುಳ್ಳು ಯಾಕೆ! ಇಂಥವನಿಗೆ ಎಲೆ ಹಾಕುವುದನ್ನು ಯಾರು ಮರೆಯುತ್ತಾರೆ? ಅವನು ಮೊಣಕಾಲವರೆಗೆ ನೀರಿಗಿಳಿದ. ಸೊಂಟದವರೆಗೆ ಇಳಿದ. ಅಲ್ಲಿ ಸುತಿ ಅವನ ಕೈಗೆ ತಾಕಿತು.

"ಹೋಗೋದಾದ್ರೆ ಇದನ್ನ ತಗೊಂಡೋಗು. ಒಂದು ಸಲ ಊದಿ ತೋರ್ಸು, ಆಮೇಲೆ ಮುಳುಗ್ತೀನಿ."

ಬಿಂಬ ಸುತಿಯನ್ನು ಬಾಯಿಗಿಟ್ಟು ಕೆನ್ನೆ ಉಬ್ಬಿಸಿತು. ಕೊಳವೆಯಿಂದ ನೀರು ಸುರಿಯಿತು. ನೀರಿಗೆಲ್ಲಿಯ ಉಸಿರು? ಊದಿ ಊದಿ ಅದರ ಎದೆ ಕರಗಿತು, ಮುಖ ಕರಗಿತು, ಕೊನೆಗೆ ಕೈಯೂ ಕರಗಿ ಸುತಿ ದಡದಲ್ಲಿ ಬಿತ್ತು. ಸಣ್ಣೀರ ಅದನ್ನೆತ್ತಿಕೊಂಡು ಅತ್ತಿಗೆಯ ಜೊತೆ ಒಳಗೆ ನಡೆದ.

ಸಭೆ ಕಿಕ್ಕಿರಿದಿತ್ತು. ತಲೆಯಲ್ಲಿ ಬೆಂಕಿ ಉರಿಯುವವರು, ನಾಲ್ಕು ಕೈ ಬೆಳೆದವರು, ಬೆನ್ನಿಗೆ ರೆಕ್ಕೆ ಹೊಲಿಸಿಕೊಂಡವರು ಕುಣಿಯುತ್ತಿದ್ದರು. ರೆಪ್ಪೆ ಮುಚ್ಚದೆ ಕೂತಿದ್ದ ರಾಜನೂ ಜನರೂ "ಆಹಾ, ಎಂಥ ಸಂಗೀತ!" ಅನ್ನುತ್ತಿದ್ದರು. ಸಣ್ಣೀರ ಕಿವಿಗೊಟ್ಟ. ಸಂಗೀತವೇ ಇರಲಿಲ್ಲ! ಯಾವ ಡೋಲೂ ನುಡಿಯುತ್ತಿರಲಿಲ್ಲ, ಯಾವ ಕೊಳಲೂ ಉಲಿಯುತ್ತಿರಲಿಲ್ಲ. ಇದ್ದದ್ದು ಬರೀ ಸುತಿ. ಪರದೆಯ ಹಿಂದೆ ತರಗೆಲೆಯಷ್ಟು ಒಣಗಿದ ಮುದುಕನೊಬ್ಬ ಅದನ್ನು ಊದುತ್ತಿದ್ದ. ಸಭೆಯ ನಡುವೆ ಚಿನ್ನದ ಮುಖದ ದೊಡ್ಡೀರ ನಿಂತಿದ್ದ. ಮುಚ್ಚಿದ ಚಿನ್ನದ ತುಟಿಗೆ ಮೌರಿ ಒತ್ತಿಟ್ಟಿದ್ದರು.

"ಬಾ ಬಾ" ಅಂತ ಬೆಡಗಯ್ಯ ಸಣ್ಣೀರನ ಹೆಗಲು ಹಿಡಿದ. "ಈ ಮುದುಕ ಇವತ್ತು ಸಾಯುತ್ತಾನೆ. ಕಣ್ಣಿಗೆ ನಾನು ಎಷ್ಟು ಬೇಕಾದರೂ ಬಡಿಸಬಲ್ಲೆ. ಆದರೆ ಕಿವಿ ಖಾಲಿ ಇದ್ದರೆ ಜನ ಯೋಚನೆ ಮಾಡಲು ಶುರು ಮಾಡುತ್ತಾರೆ. ಕೂತು ಊದು. ನೀನು ಊದುವವರೆಗೆ ನಿನ್ನಣ್ಣನಿಗೆ ಉಸಿರು. ನೀನು ನಿಲ್ಲಿಸಿದ ಕ್ಷಣ ಅವನದೂ ನಿಂತಿತು."

ಇನ್ನೇನು ಮಾಡಿಯಾನು? ಸಣ್ಣೀರ ಕೂತು ಸುತಿ ಹಿಡಿದ. ಮುದುಕ ತನ್ನದನ್ನು ಬಾಯಿಂದ ತೆಗೆದು, ಗೋಡೆಗೊರಗಿ, ನೆಮ್ಮದಿಯಿಂದ ಸತ್ತ.

ಹಗಲು ಕಳೆಯಿತು, ರಾತ್ರಿ ಕಳೆಯಿತು, ಮತ್ತೆ ಹಗಲಾಯಿತು. ಸಣ್ಣೀರನ ತುಟಿಯ ರಕ್ತ ಕೊಳವೆಯುದ್ದಕ್ಕೂ ಇಳಿದು ಒಣಗಿತು. ನಿಂಗವ್ವ ಪಕ್ಕದಲ್ಲಿ ಕೂತಿದ್ದಳು. ಅವನು ಪರದೆಯ ಸಂದಿಯಿಂದ ಅಣ್ಣನ ಕಡೆಗೇ ನೋಡುತ್ತಿದ್ದ. ಚಿನ್ನದ ಮುಖಕ್ಕೆ ಭಾವನೆ ಇರಲಿಲ್ಲ. ಆದರೆ ಮೌರಿಯ ತೂತುಗಳ ಮೇಲೆ ಬೆರಳು ಆಡುತ್ತಿದ್ದವು. ಅಂದವಾಗಿ ಕಾಣುತ್ತದೆ ಅಂತ ಬೆಡಗಯ್ಯ ಬೆರಳಿಗೆ ಮಾತ್ರ ಬೀಗ ಹಾಕಿರಲಿಲ್ಲ.

ಸಣ್ಣೀರ ಆ ಬೆರಳುಗಳನ್ನು ಓದಿದ. ಅದು ಮಂಗಳ! ಮದುವೆಯೆಲ್ಲ ಮುಗಿದ ಮೇಲೆ, ಮೇಳ ಎದ್ದು ಹೋಗುವ ಮುಂಚೆ ಊದುವುದು. ಮಂಗಳ ಮುಗಿದ ಕಡೆ ಸುತಿಯೂ ನಿಲ್ಲಬೇಕು, ಅದು ಓಲಗದವರ ಕಟ್ಟಳೆ. ದೊಡ್ಡೀರನ ಬೆರಳು ಮಂಗಳ ಮುಗಿಸುತ್ತಿದ್ದವು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದವು. ಎಷ್ಟು ದಿನದಿಂದಲೋ!

ಸಣ್ಣೀರ ಕಣ್ಣಲ್ಲೇ ಅತ್ತಿಗೆಗೆ ತೋರಿಸಿದ. ನಿಂಗವ್ವ ಬಹಳ ಹೊತ್ತು ನೋಡಿದಳು.

"ಮಂಗಳ ಊದ್ತಾವ್ನೆ" ಅಂದಳು. "ಮುಗಿಸ್ರೋ ಅಂತವ್ನೆ."

ಸಣ್ಣೀರ ಆಗುವುದಿಲ್ಲ ಅಂತ ತಲೆಯಾಡಿಸಿದ.

"ಸತ್ರೆ ತಾಳಿ ಕಿತ್ತಿಡೋಳು ನಾನು, ನೀನಲ್ಲ. ಆದ್ರೂ ನಾನೇ ಹೇಳ್ತೀನಿ. ಅಲ್ಲಿ ಅವನು ಬದುಕಿಲ್ಲ, ನೇತಾಡ್ತಾವ್ನೆ. ತಾಳ ನಾನು ಹಾಕ್ತೀನಿ. ಕೊನೇ ಪೆಟ್ಟಿಗೆ ನಿಲ್ಸು."

ಅವಳು ಸುಟ್ಟ ಕೈಯಿಂದಲೇ ಮೈದುನನ ಮಂಡಿಯ ಮೇಲೆ ತಾಳ ಹಾಕತೊಡಗಿದಳು. ಬೆಡಗಯ್ಯ ಕಂಡ. ಕನ್ನಡಿಯಂಗಿ ಝಣಝಣ ಅನ್ನಿಸುತ್ತ ಓಡಿಬಂದ. "ಊದೋ! ನಿಲ್ಲಿಸಬೇಡ! ನಿನಗೂ ಮುಖ ಕೊಡುತ್ತೇನೆ, ವಜ್ರದ್ದು, ಲೋಕವೇ ನೋಡುವಂಥದ್ದು!"

ಕೊನೆಯ ಪೆಟ್ಟು ಬಿತ್ತು. ದೊಡ್ಡೀರನ ಬೆರಳು ನಿಂತವು. ಸಣ್ಣೀರ ಕಣ್ಣು ಮುಚ್ಚಿ ಸುತಿಯನ್ನು ಬಾಯಿಂದ ತೆಗೆದ.

ಸಭೆಯಲ್ಲಿ ಸದ್ದಡಗಿತು.

ಆ ಮೌನದಲ್ಲಿ ಮೊದಲು ಕೇಳಿಸಿದ್ದು ಅಂಗಳದ ಬೊಂಬೆಗಳ ಅಳು. ಆಮೇಲೆ ರೆಕ್ಕೆ ಹೊಲಿದ ಗಾಯಗಳ ಮೇಲೆ ನೊಣಗಳ ಗುಂಯ್‌ಗುಟ್ಟುವಿಕೆ. ಆಮೇಲೆ ಸೂರಪ್ಪನ ಕೂಗು. "ಅಯ್ಯೋ, ತಲೆ ಸುಡ್ತೈತೆ! ಆರ್ಸ್ರೋ, ಯಾರಾದ್ರೂ ಆರ್ಸ್ರೋ!" ಜನ ಬೆಚ್ಚಿಬಿದ್ದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಜ ಎರಡು ಕೈಯಲ್ಲೂ ಎದೆ ಹಿಡಿದುಕೊಂಡು, ರಾಣಿಯ ಹೆಸರು ಕೂಗಿ, ಅವಳು ಸತ್ತ ದಿನ ಅಳದಿದ್ದುದನ್ನೆಲ್ಲ ಅತ್ತ. ಎಲ್ಲರೂ ಬೆಡಗಯ್ಯನ ಕಡೆ ತಿರುಗಿದರು. ಅಂಗಿಯ ಕನ್ನಡಿಗಳು ಒಂದೊಂದಾಗಿ ಮಂಕಾದವು. ಅಂಗಿಯೊಳಗೆ ಯಾರೂ ಇರಲಿಲ್ಲ. ಅದು ಮಡಚಿಕೊಂಡು ನೆಲಕ್ಕೆ ಬಿತ್ತು.

ಬೊಂಬೆಗಳಾಗಿದ್ದವರು ಎದ್ದು ಬಂದರು. ಆದರೆ ಬೆಡಗು ಮೂಳೆಗಿಳಿದವರು ಉಳಿಯಲಿಲ್ಲ. ಸೂರಪ್ಪನನ್ನೂ ಅವನ ಮೇಳವನ್ನೂ ಅಂದೇ ಮಣ್ಣು ಮಾಡಿದರು.

ದೊಡ್ಡೀರ ಬೋರಲು ಬಿದ್ದಿದ್ದ. ಚಿನ್ನದ ಮುಖ ಎರಡು ಹೋಳಾಗಿ ಕಳಚಿತ್ತು. ಅದರ ಜೊತೆ ಅವನ ತುಟಿಗಳೂ ಹೋಗಿದ್ದವು. ನಿಂಗವ್ವ ಅವನ ಎದೆಗೆ ಕಿವಿಯಿಟ್ಟಳು. ಏನೂ ಇಲ್ಲ. ಸಣ್ಣೀರ ಅಣ್ಣನ ಕಾಲು ಹಿಡಿದು ಕೂತ. ಅವಳು ಕಿವಿ ತೆಗೆಯಲಿಲ್ಲ. ಬಹಳ ಹೊತ್ತಾದ ಮೇಲೆ ಎದೆ ಒಮ್ಮೆ ಮಿಡಿಯಿತು. ಮತ್ತೊಮ್ಮೆ ಮಿಡಿಯಿತು.

"ಎಲೋ ಸಣ್ಣೀರಾ, ಏನ್ಲಾ ಇಷ್ಟು ಹೊತ್ತು ತಗೊಂಡೆ?" ಅಂದ ದೊಡ್ಡೀರ.

ತುಟಿ ಸೇರಿಸಿ ಆಡುವ ಪ, ಬ, ಮ ಅವನ ಬಾಯಲ್ಲಿ ಮತ್ತೆಂದೂ ಬರಲಿಲ್ಲ. ಮೌರಿಯೂ ಬರಲಿಲ್ಲ.

ರಾಜ ಕಣ್ಣೊರೆಸಿಕೊಂಡು ಎದ್ದು ಗುಡುಗಿದ. "ಇನ್ನು ಈ ರಾಜ್ಯದಲ್ಲಿ ಮೇಳ ಅನ್ನಿಸಿಕೊಂಡವರು ಬಣ್ಣದ ದಾರ ಕಟ್ಟಿಕೊಂಡರೂ ತಲೆ ತೆಗೆಸುತ್ತೇನೆ!"

ದೊಡ್ಡೀರ ಕೈ ಎತ್ತಿದ. "ದೊರೆಯೇ, ಹಾಕಿಕೊಳ್ಳೋರು ಹಾಕಿಕೊಳ್ಳಲಿ. ಸಂಜೆ ಕಳಚಿಡೋಕೆ ಆಗಲಿ, ಅಷ್ಟೇ ಸಾಕು."

ರಾಜ ಅದನ್ನೇ ಕಲ್ಲಿನ ಮೇಲೆ ಕೆತ್ತಿಸಿದ.

ಮೇಳ ಮತ್ತೆ ಹೊರಟಿತು. ಸಣ್ಣೀರ ಮೌರಿ ಕಲಿತ. ಬೊಂಬೆಯಾಗಿದ್ದು ಎದ್ದು ಬಂದ ಮುದುಕಿಯೊಬ್ಬಳು ಸುತಿ ಹಿಡಿದಳು. ನಿಂಗವ್ವನಿಗೆ ಉಳಿದದ್ದು ಒಂದೇ ಕೈ, ಹಾಗಾಗಿ ಡೋಲಿನ ಒಂದು ಕಡೆ ಅವಳು, ಇನ್ನೊಂದು ಕಡೆ ದೊಡ್ಡೀರ. ತುಟಿಯಿಲ್ಲದವನೂ ಕೈ ಸುಟ್ಟವಳೂ ಒಂದೇ ಡೋಲು ಬಾರಿಸುತ್ತಾರಂತೆ ಅಂತ ಜನ ಗಾಡಿ ಕಟ್ಟಿಕೊಂಡು ನೋಡಲು ಬಂದರು.

"ಏನಮ್ಮ, ಒಂದು ಡೋಲಿಗೆ ಇಬ್ಬರಾ?" ಅಂತ ಒಬ್ಬ ಹಲ್ಲು ಕಿರಿದ.

"ಗಂಡ ಹೆಂಡ್ತಿ ಕಣಣ್ಣ" ಅಂದಳು ನಿಂಗವ್ವ. "ಪೆಟ್ಟು ಒಬ್ಬರಿಗೊಬ್ಬರು ಹಾಕ್ಕೊಳ್ದೆ ಇರ್ಲಿ ಅಂತ ಮಧ್ಯೆ ಇದನ್ನ ಇಟ್ಕಂಡಿದೀವಿ."

ಜನ ನಕ್ಕರು. ನಗು ಮುಗಿಯುವಷ್ಟರಲ್ಲಿ ಸಣ್ಣೀರ ಊದಲು ಶುರು ಮಾಡಿದ್ದ. ಸಂಜೆಯಾಯಿತು, ಕಟ್ಟಿದ ಗಾಡಿಗಳು ಕಟ್ಟಿದ ಹಾಗೇ ನಿಂತಿದ್ದವು.

ಹೀಗೆ ಕೊಂಬಿನಕೋಟೆಯವರು ಅಳಬೇಕಾದಾಗ ಅತ್ತು, ನಗಬೇಕಾದಾಗ ನಕ್ಕು, ಉಂಡು ಉಟ್ಟು ಬಹುಕಾಲ ಸುಖವಾಗಿ ಬಾಳಿದರು. ಅವರ ಮನೆಯ ದೀಪ ಅಲ್ಲಿ ಬೆಳಗಲಿ, ನಮ್ಮ ಮನೆಯದು ಇಲ್ಲಿ ಬೆಳಗಲಿ.