ಸುಣ್ಣದ ಗೂಡಿನ ಹೊಗೆ

ಮೆಕ್ಕೆಜೋಳದ ತೆನೆ ಮುರಿಯುವ ಕಾಲ. ಒಂಬತ್ತು ಗಂಟೆಯಾದರೂ ಮಂಜು ಹೊಲ ಬಿಟ್ಟು ಏಳುತ್ತಿರಲಿಲ್ಲ. ಸಾಂಕ್ರಾಮಿಕ ಬಂದ ಮೇಲೆ ಇದು ಎರಡನೇ ಚಳಿಗಾಲ. ತೆನೆ ಮುರಿಯುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿ, ನಡುವೆ ಎರಡೆರಡು ಸಾಲು ಬಿಟ್ಟು ನಿಂತಿದ್ದರು. ಹನ್ನೊಂದನೇ ತಾರೀಕು, ಸೋಮವಾರ. ಠಾಣೆಯ ಮುಂದೆ ದಫೇದಾರ ಜೀಪಿನ ಗಾಜು ಒರೆಸುತ್ತಿದ್ದಾಗ, 9.20ಕ್ಕೆ, ಹಾಲಿನವಳು ಬಂದಳು.

ಊರಿನ ಅರ್ಧ ಮನೆಗಳಿಗೆ ಹಾಲು ಹಾಕುವ ಹೆಂಗಸು. ಇವತ್ತು ಕೈಯಲ್ಲಿ ಕ್ಯಾನಿರಲಿಲ್ಲ, ಒಂದು ಕಾಗದದ ಪೊಟ್ಟಣವಿತ್ತು. ಅದನ್ನು ಇನ್ಸ್‌ಪೆಕ್ಟರ್ ಮೇಡಂ ಮೇಜಿನ ಮೇಲೆ ಬಿಚ್ಚಿದಳು. ಒಳಗೆ ಅರ್ಧ ಸುಟ್ಟ ರಬ್ಬರ್ ಗ್ಲೌಸಿನ ಮೂರು ಬೆರಳು.

“ಹಸು ಮೇವಿನ ತೊಟ್ಟೀಲಿ ಸಿಕ್ತು ಮೇಡಂ. ಸುಣ್ಣದ ಗೂಡಿನ ಕಡೆಯಿಂದ ಗಾಳೀಲಿ ಹಾರಿ ಬಂದಿದ್ದು. ಅಲ್ಲಿ ದಿನಾ ಬೆಳಿಗ್ಗೆ ಹೊಗೆ. ಮೊದಮೊದಲು ಮಂಜು ಅಂದ್ಕೊಂಡ್ವಿ. ಮಂಜಿಗೆ ಎಲ್ಲಾದ್ರೂ ಗಂಟಲು ಉರಿಯುತ್ತಾ?”

“ಎಷ್ಟು ದಿನದಿಂದ?”

“ತಿಂಗಳ ಮೇಲಾಯ್ತು. ನಮ್ಮ ಯಜಮಾನ್ರು ಜ್ವರ ಗೆದ್ದು ಮನೆಗೆ ಬಂದಿದ್ರು. ನಿನ್ನೆ ಮತ್ತೆ ಆಸ್ಪತ್ರೆಗೆ ಸೇರಿಸಿದೆ. ಉಸಿರು ಸಾಲ್ತಿಲ್ಲ.” ಅವಳು ಬಾಗಿಲಲ್ಲಿ ನಿಂತಿದ್ದ ದಫೇದಾರನ ಕಡೆ ತಿರುಗಿದಳು. “ನನ್ನ ಹಾಲಿನ ಕ್ಯಾನು ಚೆಕ್‌ಪೋಸ್ಟ್ ದಾಟಬೇಕಾದ್ರೆ ಮುಚ್ಚಳ ತೆಗೆಸಿ ಮೂರು ಸಲ ಇಣುಕ್ತೀರಿ. ಅಷ್ಟು ದೊಡ್ಡ ಬೆಂಕಿ ಕಣ್ಣಿಗೆ ಬೀಳಲಿಲ್ವಾ ದಫೇದಾರಣ್ಣ?”

ದಫೇದಾರ ಪೆನ್ನು ಹುಡುಕಿಕೊಂಡ. 9.50ಕ್ಕೆ ಎಫ್‌ಐಆರ್ ಆಯಿತು. ಬರೆದವನು ಅವನೇ. ಆರೋಪಿ ಎಂಬ ಜಾಗದಲ್ಲಿ ‘ಅಪರಿಚಿತ’ ಎಂದು ಬರೆಯುವಾಗ ಪೆನ್ನು ಒಂದು ಗಳಿಗೆ ನಿಂತಿತು.

11.15ಕ್ಕೆ ಗೂಡಿನ ಬಳಿ ಪಂಚನಾಮೆ. ಹತ್ತು ವರ್ಷದಿಂದ ಸುಣ್ಣ ಸುಡದ ಪಾಳು ಗೂಡು. ಅದರ ಹೊಟ್ಟೆಯ ತುಂಬ ಬೂದಿ. ಪಂಚರಾಗಿ ಕರೆತಂದಿದ್ದು ತೆನೆ ಮುರಿಯುತ್ತಿದ್ದ ಅಣ್ಣತಮ್ಮಂದಿರನ್ನು.

“ಮುಟ್ಟಬೇಕಾ ಮೇಡಂ?” ಎಂದ ದೊಡ್ಡವನು.

“ನೋಡಿದ್ರೆ ಸಾಕು.”

“ನೋಡಿದ್ರೂ ಅಂಟುತ್ತೆ ಅಂತಾಳೆ ನನ್ನ ಹೆಂಡ್ತಿ.”

“ಹಾಗಾದ್ರೆ ಒಂದೇ ಕಣ್ಣಲ್ಲಿ ನೋಡು,” ಎಂದ ತಮ್ಮ.

ಕರಗಿ ಮುದ್ದೆಯಾದ ಸಿರಿಂಜುಗಳು, ಸೂಜಿಗಳು, ಹನಿ ಬಾಟಲಿಯ ನಳಿಕೆಗಳು. ಸುಡದೆ ಉಳಿದ ಒಂದು ಹಳದಿ ಚೀಲದ ಮೂತಿಯಲ್ಲಿ ಊರ ಆಸ್ಪತ್ರೆಯ ಚೀಟಿ, ಒಂಬತ್ತನೇ ತಾರೀಕಿನದು. ತಳದ ಬೂದಿ ಇನ್ನೂ ಬೆಚ್ಚಗಿತ್ತು. ಮೇಡಂ ಹೇಳುತ್ತ ಹೋದರು, ದಫೇದಾರ ಬರೆಯುತ್ತ ಹೋದ.

ಮಧ್ಯಾಹ್ನ 1.30ಕ್ಕೆ ಆಸ್ಪತ್ರೆಯ ಗುಮಾಸ್ತ ಕೈ ತೊಳೆದುಕೊಂಡ. “ಕಸ ದಿನಾ ಗಾಡೀಲಿ ಹೋಗುತ್ತಲ್ಲ ಮೇಡಂ. ತೊಂಬತ್ತು ಕಿಲೋಮೀಟರ್ ದೂರದ ಸುಡುವ ಘಟಕಕ್ಕೆ.”

“ಅಲ್ಲಿಯ ರಸೀದಿ?”

“ಹೆಣಗಳ ಲೆಕ್ಕಾನೇ ಸರಿಯಾಗಿ ಇಡೋಕಾಗ್ತಿಲ್ಲ. ಕಸದ್ದು ಯಾರು ಕೇಳ್ತಾರೆ?”

ಘಟಕಕ್ಕೆ ಫೋನು ಮಾಡಿದರು. ಈ ಊರಿನ ಗಾಡಿ ಅಲ್ಲಿಗೆ ಹೋಗಿ ಮೂವತ್ತೆಂಟು ದಿನವಾಗಿತ್ತು.

“ಚೆಕ್‌ಪೋಸ್ಟಿನ ಪುಸ್ತಕ ತಗೊಂಡು ಬನ್ನಿ,” ಎಂದರು ಮೇಡಂ.

ಚೆಕ್‌ಪೋಸ್ಟ್ ಊರ ಹೊರಗಿನ ತಗಡಿನ ಶೆಡ್ಡು. ಅದು ಶುರುವಾಗಿ ಇಪ್ಪತ್ತನಾಲ್ಕು ದಿನ. ಬೆಳಗಿನ ಪಾಳಿಯೆಲ್ಲ ದಫೇದಾರನದೇ. ಆಸ್ಪತ್ರೆಯ ಗಾಡಿ ಬಂದರೆ ಎಲ್ಲರೂ ಹತ್ತು ಮಾರು ಹಿಂದೆ ಸರಿಯುವುದು ಅಲ್ಲಿಯ ಪದ್ಧತಿ. ಚಾಲಕ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ, ಗೇಟು ಏಳುತ್ತಿತ್ತು, ದಫೇದಾರ ಗಡಿಯಾರ ನೋಡಿ ಬರೆಯುತ್ತಿದ್ದ. ಉಣ್ಣುವಾಗಲೂ ಓಡುವಂತೆ ಕಾಣುವ ಆ ಚಾಲಕನನ್ನು ಊರೆಲ್ಲ ಗಡಿಬಿಡಿ ಎನ್ನುತ್ತಿತ್ತು.

ದಫೇದಾರ ಪುಸ್ತಕ ಬಿಚ್ಚಿದ. ಹೊರಗೆ 6.10, ಒಳಗೆ 7.05. ಕಾರಣ: ಆಸ್ಪತ್ರೆ ಕಸ. ಮಾರನೇ ದಿನ: ಮೇಲಿನಂತೆ. ಅದರ ಮಾರನೇ ದಿನವೂ ಮೇಲಿನಂತೆ. ತೊಂಬತ್ತು ಕಿಲೋಮೀಟರ್ ಹೋಗಿ ಬರಲು ಐವತ್ತೈದು ನಿಮಿಷ!

ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಪುಸ್ತಕದ ಹೊಲಿಗೆ ಸಡಿಲವಾಗಿತ್ತು, ಚಹಾದ ಸ್ಟೌ ಉರಿಯುತ್ತಿತ್ತು. ನಲವತ್ತು ದಿನದ ಹಿಂದೆ ತಾಯಿ ಅದೇ ಆಸ್ಪತ್ರೆಯಲ್ಲಿ ಸತ್ತಾಗ ಅವನ ಮನೆಗೆ ಅಧಿಕಾರಿಗಳು ಬೀಗ ಜಡಿದಿದ್ದರು; ಒಳಗೆ ಅವನಿಗೂ ಜ್ವರ. ಬಂಧುಬಳಗ ಫೋನು ಎತ್ತಲಿಲ್ಲ. ಎರಡನೇ ದಿನ ಸಂಜೆ ಗಡಿಬಿಡಿಯೇ ಫೋನು ಮಾಡಿದ್ದ: “ಅಮ್ಮನ್ನ ಮಲಗಿಸಿದೆ ಸಾರ್. ಜೋರಾಗಿ ಇಳಿಸಲಿಲ್ಲ. ನಿಮ್ಮ ಪಾಲಿನ ಮಣ್ಣೂ ನಾನೇ ಹಾಕಿದೆ.”

ಆ ಋಣಕ್ಕೆ ನಾಲ್ಕು ಹಾಳೆ ಏನು ಮಹಾ? ಆದರೆ ಬೆಂಕಿಗೆ ಹಾಕಿ ಮುಗಿಸಿಬಿಡೋಣ ಎಂಬ ಆ ಯೋಚನೆಗೇ ಅವನಿಗೆ ಬೆಳಗಿನ ಬೂದಿಯ ವಾಸನೆ ಬಡಿಯಿತು. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ.

3.40. ಮೇಡಂ ಪುಟ ತಿರುವಿದರು.

“ನಿಮ್ಮ ಅಕ್ಷರಾನಾ?”

“ಹೌದು ಮೇಡಂ.”

“ಒಂದು ದಿನಾನೂ ಅನುಮಾನ ಬರಲಿಲ್ವಾ?”

“ಬಂತು.”

“ಯಾವಾಗ?”

“ಮೂರನೇ ದಿನ. ಚೀಲ ತುಂಬಿಕೊಂಡು ಹೋದವನು ಅಷ್ಟು ಬೇಗ ಖಾಲಿ ಗಾಡೀಲಿ ವಾಪಸ್ ಬಂದ. ಗಾಡಿ ದಾಟಿ ಹೋದ್ಮೇಲೂ ಹೊಗೆ ನಾತ.”

“ಕೇಳಿದ್ರಾ?”

“ಇಲ್ಲ ಮೇಡಂ. ಕೇಳಿದ್ರೆ ಹೇಳಿಬಿಡ್ತಾನೆ ಅಂತ ಕೇಳಲಿಲ್ಲ.”

ಮೇಡಂ ಪುಸ್ತಕ ಮುಚ್ಚಿದರು. “ನಿಮ್ಮ ಹೇಳಿಕೇನೂ ಬರ್ಕೋಬೇಕಾಗುತ್ತೆ. ಅಮಾನತಿನ ಆದೇಶ ನಾಳೆ ಸಂಜೆಗೆ ಬರಬಹುದು. ಅಲ್ಲೀವರೆಗೆ ನೀವು ಡ್ಯೂಟೀಲಿ ಇದ್ದೀರಿ.”

ಹನ್ನೆರಡನೇ ತಾರೀಕು, ಮಂಗಳವಾರ, ಬೆಳಿಗ್ಗೆ 6.25. ಮಂಜಿನೊಳಗೆ ಗಾಡಿ ಬಂದು ಗೂಡಿನ ಬಾಯಿಗೆ ಬೆನ್ನು ಕೊಟ್ಟು ನಿಂತಿತು. ಗಡಿಬಿಡಿ ಎಂಟು ಹಳದಿ ಚೀಲ ಇಳಿಸಿ ಡೀಸೆಲ್ ಸುರಿಯುವಾಗ ಮೇಡಂ ದಫೇದಾರನ ಜೊತೆ ಎದುರಿಗೆ ಬಂದರು. ಅವನು ಓಡಲಿಲ್ಲ. ಡಬ್ಬವನ್ನು ಚೆಲ್ಲದಂತೆ ನೆಟ್ಟಗೆ ಕೆಳಗಿಟ್ಟ.

“ಘಟಕಕ್ಕೆ ಯಾಕೆ ಒಯ್ಯಲಿಲ್ಲ?”

“ಒಯ್ದಿದ್ದೆ ಮೇಡಂ. ಅಲ್ಲಿ ಮೈಲುದ್ದ ಸಾಲು. ಎರಡು ದಿನ ಗಾಡೀಲೇ ಕೂತಿದ್ದೆ. ಇನ್ನೊಬ್ಬ ಚಾಲಕ ಜ್ವರಕ್ಕೆ ಹೋಗಿಬಿಟ್ಟ. ಉಳಿದಿರೋದು ಇದೊಂದೇ ಗಾಡಿ, ನಾನೊಬ್ಬನೇ. ಕಸಕ್ಕೂ ಇದೇ, ಹೆಣಕ್ಕೂ ಇದೇ. ವಾಪಸ್ ಬಂದಾಗ ಶವದ ಕೋಣೇಲಿ ಐದು ಜನ. ಕರೆಂಟಿರಲಿಲ್ಲ.” ಅವನು ದಫೇದಾರನ ಮುಖ ನೋಡದೆ ಹೇಳಿದ: “ಇವರಮ್ಮನೂ ಅದರಲ್ಲೇ ಇದ್ರು. ಅವರನ್ನ ಎತ್ತಿದವನು ನಾನು. ಹೇಗಿದ್ರು ಅಂತ ಹೇಳಲ್ಲ. ಇನ್ಮೇಲೆ ಕಸಕ್ಕೋಸ್ಕರ ಯಾರನ್ನೂ ಕಾಯಿಸಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.”

“ಆ ಹೊಗೆ ಯಾರ ಎದೆಗೆ ಹೋಗುತ್ತೆ ಅಂತ ಯೋಚಿಸಲಿಲ್ವಾ?”

“ಹೊಗೆ ಮೇಲೆ ಹೋಗುತ್ತೆ ಅಂದ್ಕೊಂಡೆ ಮೇಡಂ.”

ಅವನು ಕೈ ಮುಂದೆ ಚಾಚಿದ. ಬೇಡಿ ಹಾಕಿದವನು ದಫೇದಾರ. ದಸ್ತಗಿರಿಯ ಸಮಯ 6.50.

“ಇವತ್ತು ಹತ್ತು ಗಂಟೆಗೆ ಎರಡು ಹೆಣ ಇವೆ ಸಾರ್. ಯಾರು ಒಯ್ತಾರೆ?” ಎಂದ ಗಡಿಬಿಡಿ.

ಚೀಲಗಳು ಜಪ್ತಿಯಾದವು. ಬೇರೆ ಗಾಡಿ ಇರಲಿಲ್ಲ. ಇದ್ದುದನ್ನೇ ಪಂಚನಾಮೆ ಮಾಡಿ ತೊಳೆಸಿ ಆಸ್ಪತ್ರೆಯ ಸುಪರ್ದಿಗೆ ಕೊಟ್ಟರು. ರಸೀದಿ ಕೇಳದ ವೈದ್ಯಾಧಿಕಾರಿಗೂ ನೋಟಿಸ್ ಹೋಯಿತು. ಗಾಡಿಯ ಕೀಲಿಕೈಗೆ ದಫೇದಾರ ಕೈ ಒಡ್ಡಿದ. ಮೇಡಂ ಬೇಡವೆನ್ನಲಿಲ್ಲ.

ಹತ್ತು ಗಂಟೆಗೆ ಆಸ್ಪತ್ರೆಯ ಹಿಂಬಾಗಿಲಲ್ಲಿ ಹಾಲಿನವಳು ಒಬ್ಬಳೇ ನಿಂತಿದ್ದಳು. ಎರಡರಲ್ಲಿ ಒಂದು ಅವಳ ಗಂಡ. ಬೆಳಗಿನ ಜಾವ ಹೋಗಿದ್ದ. ಹತ್ತಿರ ಬರಲು ಯಾರೂ ಒಪ್ಪಿರಲಿಲ್ಲ. ಸ್ಟ್ರೆಚರಿನ ಒಂದು ತುದಿಯನ್ನು ದಫೇದಾರ ಹಿಡಿದ. ಇನ್ನೊಂದು ತುದಿಗೆ ಅವಳೇ ಕೈ ಹಾಕಿದಳು.

“ನಿಮ್ಮ ಋಣ ಹೇಗೆ ತೀರಿಸಲಿ ಅಣ್ಣ? ಸ್ವಂತ ತಮ್ಮಂದಿರೂ ಬರಲಿಲ್ಲ.”

“ಹಾಗನ್ನಬೇಡಿ ತಾಯಿ. ನನಗೆ ಗೊತ್ತಿತ್ತು.”

“ಏನು?”

“ಆ ಹೊಗೆ. ಗಡಿಬಿಡೀನೇ ಸುಡ್ತಿದ್ದಾನೆ ಅಂತ. ಇಪ್ಪತ್ತೆರಡು ದಿನದಿಂದ ಗೊತ್ತಿತ್ತು.”

ಅವಳು ಸ್ಟ್ರೆಚರ್ ಬಿಡಲಿಲ್ಲ. ತುಟಿ ಮಾತ್ರ ಅಲುಗಿತು, ದಿನ ಎಣಿಸುತ್ತಿದ್ದಳು.

“ಆವಾಗಿನ್ನೂ ಇವರೇ ಎದ್ದು ಕರು ಬಿಚ್ತಿದ್ರು,” ಎಂದಳು.