ನಡುಮನೆಯ ಗೋಡೆ

“ಹಳೇ ಬಣ್ಣದ ಮೇಲೇ ಇನ್ನೊಂದು ಕೋಟು ಹೊಡೀತೀನಿ ಸಾರ್. ನಡುಮನೆ ಗೋಡೆ ಮಾತ್ರ ಕೆರೆಯಲ್ಲ” ಎಂದು ಪೇಂಟರ್ ಕೈಕಟ್ಟಿ ನಿಂತುಬಿಟ್ಟ.

ಮನೆ ಕೊಂಡು ವಾರವೂ ಆಗದ ರಸಾಯನಶಾಸ್ತ್ರದ ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ತಮ್ಮನ್ನು ಬಿಟ್ಟರೆ ಊರಿನವರೆಲ್ಲ ದಡ್ಡಶಿಖಾಮಣಿಗಳು ಎಂದು ನಂಬಿದ ಪ್ರಾಣಿ ಅದು. ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳಲು ಸರಕಾಯಿತೆಂದು ಕಾರಣ ಕೇಳಿದರು.

ಮನೆ ಕಟ್ಟಿದ್ದು ಅಣ್ಣತಮ್ಮಂದಿರು. ತಮ್ಮ ಸತ್ತದ್ದೇ ತಡ, ಅಣ್ಣ ಅವನ ಹೆಂಡತಿಯನ್ನು ಹೊರಗೆ ನಿಲ್ಲಿಸಿ, ಇವಳು ಯಾರೋ ತನಗೆ ಗೊತ್ತೇ ಇಲ್ಲ ಎಂದ. ಅವಳು ಯಾವನೋ ಮಾಟಗಾರನಿಂದ ತಾಮ್ರದ ತಗಡು ತಂದು, ಯಾರೂ ಇಲ್ಲದಾಗ ನಡುಮನೆಯ ಗೋಡೆಗೆ ತುರುಕಿ, ಹಸಿ ಸುಣ್ಣದ ಮೇಲೆ ಅಂಗೈ ಒತ್ತಿ ಹೋದಳು. ಮೂರೇ ತಿಂಗಳಲ್ಲಿ ಅಣ್ಣನನ್ನು ಅವನ ಹೆಂಡತಿ ಮಕ್ಕಳೇ ಗುರುತು ಹಿಡಿಯದೆ, ಯಾರೋ ಕಳ್ಳನೆಂದು ಬಡಿದು ಓಡಿಸಿದರು. ಆಮೇಲೆ ಕೊಂಡ ಕಾಂಪೌಂಡರ್ ಅದರ ಮೇಲೆ ಹಸಿರು ಬಳಿಸಿದ, ಅವನ ನಂತರ ಬಂದ ಗಡಿಯಾರ ರಿಪೇರಿಯವನು ನೀಲಿ. ಇಬ್ಬರೂ ಗೋಡೆಗೆ ಒಂದು ಮೊಳೆ ಕೂಡ ಹೊಡೆಯಲಿಲ್ಲ, ತಮ್ಮವರ ನಡುವೆಯೇ ನೆಮ್ಮದಿಯಾಗಿ ಕಣ್ಣುಮುಚ್ಚಿದರು.

“ಮುಚ್ಚಿಟ್ರೆ ಸುಮ್ನಿರುತ್ತೆ ಸಾರ್.”

“ಓದು ತಲೆಗೆ ಹತ್ತದಿದ್ರೆ ಹೀಗೇ ಆಗೋದು” ಎಂದು ಮೇಷ್ಟ್ರು ಅವನನ್ನು ಅಟ್ಟಿ, ತಾವೇ ಕೆರೆಯಲು ನಿಂತರು. ಸಂಜೆ ನಾಲ್ಕಕ್ಕೆ ಹೆಂಡತಿ ಸಾಮಾನಿನೊಂದಿಗೆ ಬರುವವಳಿದ್ದಳು. ಈ ಮನುಷ್ಯನ ಕೊಂಕನ್ನು ಇಪ್ಪತ್ತು ವರ್ಷ ಸಹಿಸಿದ್ದು ಅವಳೊಬ್ಬಳೇ, ಅವರು ಮನಸಾರೆ ಪ್ರೀತಿಸಿದ್ದೂ ಅವಳೊಬ್ಬಳನ್ನೇ.

ಹಾಡಹಗಲಲ್ಲೂ ದೀಪ ಬೇಕಾಗುವ ಕೋಣೆ. ನೀಲಿ ಉದುರಿತು, ಹಸಿರು ಉದುರಿತು. ಸುಣ್ಣ ಕಂಡಾಗ ಗಪ್ಪನೆ ಹಸಿ ವಾಸನೆ ಎದ್ದಿತು. ಸುಣ್ಣ ಇಷ್ಟು ವರ್ಷ ಹಸಿಯಾಗಿರುವುದಿಲ್ಲ, ಮಕ್ಕಳಿಗೆ ಪಾಠ ಮಾಡಿದವರೇ ಅವರು. ಎದುರಿಗೆ ಸಣ್ಣದೊಂದು ಅಂಗೈ. ಐದು ಬೆರಳು. ಒದ್ದೆ. ಗೋಡೆ ತೇವ ಹೀರಿದೆ, ಅಷ್ಟೇ ಎಂದುಕೊಂಡು ಕೆರೆದರು. ಅಂಗೈ ಹೋಗಲಿಲ್ಲ. ಮತ್ತೆ ಕೆರೆದರು. ಖಣ್ ಎಂದಿತು. ತಗಡು. ಕಿತ್ತು ಎಸೆದರು. ದೀಪ ಆರಿತು. ಯಾರೋ ಅವರ ಮುಖವನ್ನು ತಣ್ಣಗೆ, ಹಣೆಯಿಂದ ಗಲ್ಲದವರೆಗೆ ಸವರಿದರು.

ಹೊರಗೆ ಲಾರಿ ನಿಂತ ಸದ್ದು. ಮೇಷ್ಟ್ರು ಓಡಿದರು.

“ಏನಪ್ಪಾ, ನಮ್ಮ ಮನೆಯವರೆಲ್ಲಿ?” ಎಂದಳು ಹೆಂಡತಿ.

ಧೂಳಿಗೆ ಗುರುತು ಸಿಕ್ಕಿಲ್ಲವೆಂದು ಅವರು ನಲ್ಲಿಯಲ್ಲಿ ಮುಖ ತೊಳೆದು ಬಂದರು. ಅವಳು ಹಾಗೇ ನೋಡಿದಳು. “ನಾನೇ ಕಣೇ” ಎಂದು ಕೈ ಹಿಡಿಯಲು ಹೋದಾಗ ಚೀರಿದಳು. ಲಾರಿಯವರು ಕೊರಳಪಟ್ಟಿ ಹಿಡಿದು ಬೀದಿಗೆ ದಬ್ಬಿದರು, ಅವಳು ಒಳಗಿನಿಂದ ಚಿಲಕ ಹಾಕಿಕೊಂಡಳು.

ಅಷ್ಟರಲ್ಲಿ ಜೇಬಿನಲ್ಲಿ ಫೋನು ರಿಂಗಾಯಿತು. ಅವಳೇ. ಮೇಷ್ಟ್ರು ಹಲೋ ಎಂದರು.

“ರೀ, ನಿಮ್ಮ ಧ್ವನಿ ಕೇಳಿದ್ಮೇಲೆ ಜೀವ ಬಂತು. ಇಲ್ಯಾರೋ ಹುಚ್ಚ ಬಾಗಿಲಲ್ಲಿ ನಿಂತಿದ್ದಾನೆ, ಕೈ ಹಿಡಿಯೋಕೆ ಬಂದ. ನಂಗೆ ಭಯ ಆಗ್ತಿದೆ, ಎಲ್ಲಿದ್ರೂ ಬೇಗ ಬನ್ನಿ.”

“ಬಂದೆ” ಎಂದರು ಮೇಷ್ಟ್ರು. ಎಲ್ಲಿಂದ ಬರುವುದೆಂದು ತಿಳಿಯದೆ ಬೀದಿಯಲ್ಲೇ ನಿಂತರು.